ತುಟಿಯ ನಡುವೆ ಒಂದು ಪಿನ್ನು

ಪಿಕಪ್ಪಿನ ಮುಂದಿನ ಸೀಟಿನಲ್ಲಿ ಮೇಕಪ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಅನಿಷಾಳಿಗೆ, ಯಾವಾಗಲೂ ಪ್ಯಾಂಟು ಅಂಗಿಯಲ್ಲೇ ಇರುವ ಪ್ರಾಪ್ತಿಗೆ ಇವತ್ತು ತಾನು ಸೀರೆ ಉಡಿಸಬೇಕಲ್ಲ ಎನ್ನುವುದೊಂದೇ ಯೋಚನೆಯಾಗಿತ್ತು. ಸೀರೆ ಉಡಿಸುವುದು ಅವಳಿಗೆ ಹೊಸದೇನಲ್ಲ. ಮೂಡುಬಿದಿರೆಯಲ್ಲಿ ಬಸದಿಗೆ ಹೋಗುವ ರಸ್ತೆಯ ಒಂದು ಮಹಡಿಯ ಮೇಲೆ ಅವಳದ್ದೊಂದು ಬ್ಯೂಟಿ ಪಾರ್ಲರ್ ಇದೆ. ಮದುವೆಯ ಸೀಸನ್ನಿನಲ್ಲಿ ಅವಳು ಅಲ್ಲಿ ಕೂತದ್ದಕ್ಕಿಂತ ಸಭಾಭವನಗಳ ಡ್ರೆಸ್ಸಿಂಗ್ ರೂಮುಗಳಲ್ಲಿ ಮಂಡಿಯೂರಿ ಯಾರದೋ ನೆರಿಗೆ ಹಿಡಿದದ್ದೇ ಹೆಚ್ಚು. ಈಚೆಗೆ ಎಲ್ಲರೂ ಸೀರೆಯನ್ನು ಮೊದಲೇ ಕೊಟ್ಟು, ನೆರಿಗೆ ಹಿಡಿಸಿ, ಇಸ್ತ್ರಿ ಹಾಕಿಸಿ, ಚೌಕವಾಗಿ ಮಡಚಿಸಿಡುತ್ತಾರೆ. ಮದುವೆಯ ದಿನ ಮೈಗೆ ಸುತ್ತಿ ಪಿನ್ನು ಹಾಕಿದರೆ ಆಯಿತು. ಪ್ರಾಪ್ತಿ ಮಾತ್ರ ಸೀರೆ ಕೊಡಲೇ ಇಲ್ಲ. 'ಮೊದಲೇ ಮಡಚುವುದು ಬೇಡ, ನನ್ನ ಮೈಮೇಲೆಯೇ ನೆರಿಗೆ ಹಿಡಿ' ಎಂದಿದ್ದಳು. ಪಾಪ, ಕೊನೆಯ ಗಳಿಗೆಯವರೆಗೂ ಆ ಸೀರೆಯ ಮುಖ ನೋಡದೆ ಇರುವ ಉಪಾಯ ಅದು ಎಂದು ಅನಿಷಾ ಅರ್ಥ ಮಾಡಿಕೊಂಡಿದ್ದಳು. ಪ್ರಾಪ್ತಿಯ ವಿಷಯದಲ್ಲಿ ತನಗೆ ಅರ್ಥವಾಗದೆ ಉಳಿದದ್ದು ಏನೂ ಇಲ್ಲ ಎಂಬ ಸಣ್ಣ ಜಂಬ ಅವಳಿಗಿತ್ತು.

ಪ್ರಾಪ್ತಿಯ ತಮ್ಮ ತರುಣನ ಮದುವೆ ಇವತ್ತು, ಬಂಟ್ವಾಳದಲ್ಲಿ. ದುಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿರುವ ಅವನು ರಜೆ ಹಾಕಿ ಬಂದಿದ್ದಾನೆ. ಮದುಮಗನ ಅಕ್ಕನಾದವಳು ಅಕ್ಕಿ ತುಂಬಿದ ಹರಿವಾಣದಲ್ಲಿ ಕಲಶ ಮತ್ತು ಕನ್ನಡಿಯನ್ನಿಟ್ಟು ಹಿಡಿದುಕೊಂಡು ಅವನ ಮುಂದೆ ಮಂಟಪಕ್ಕೆ ನಡೆಯಬೇಕು. ಕಲಶಕನ್ನಡಿ ಹಿಡಿಯುವವಳು ಸೀರೆ ಉಡದೆ ಹೇಗೆ? ವೇಣೂರಿನ ಅವರ ಮನೆಯಲ್ಲಿ ಈ ಮಾತು ಎಷ್ಟು ಸಲ ಎದ್ದಿರಬಹುದು, ತಾಯಿ ಎಷ್ಟು ಅತ್ತಿರಬಹುದು, ಚಿಕ್ಕಮ್ಮಂದಿರು ಎಷ್ಟು ಚುಚ್ಚಿರಬಹುದು ಎಂದೆಲ್ಲ ಅನಿಷಾ ತಾನೇ ಊಹಿಸಿಕೊಂಡು, ತಾನೇ ಸಿಟ್ಟಾಗಿ, ತಾನೇ ನಿದ್ದೆ ಕೆಟ್ಟಿದ್ದಳು. ಈಗ ಪಕ್ಕದಲ್ಲಿ ಪ್ರಾಪ್ತಿ ನೀಲಿ ಚೌಕುಳಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಹಿಂದೆ ತುಂಬಿದ್ದ ಸ್ಪೀಕರುಗಳ ಭಾರಕ್ಕೆ ಹುಷಾರಾಗಿ, ಸಿದ್ಧಕಟ್ಟೆಯ ತಿರುವುಗಳಲ್ಲಿ ಗೇರು ಇಳಿಸಿ ಏರಿಸುತ್ತಿದ್ದಳು. ಮಣಿಕಟ್ಟಿನಿಂದ ಮೇಲಕ್ಕೆ ಹೋದ ನರ ಗೇರು ಬದಲಿಸಿದಾಗಲೆಲ್ಲ ಎದ್ದು ಅಡಗುತ್ತಿತ್ತು. ಇವತ್ತು ಆ ಕೈಗೆ ಬಳೆ ತೊಡಿಸಬೇಕು. ಅನಿಷಾಳಿಗೆ ಅಳು ಬರುವ ಹಾಗಾಯಿತು. 'ಎಂತ, ಮಾತೇ ಇಲ್ಲ?' ಎಂದಳು ಪ್ರಾಪ್ತಿ. 'ಎಂತದ್ದೂ ಇಲ್ಲ ಮಾರಾಯ' ಎಂದಳು ಇವಳು. ಹೆಂಗಸರಿಗೆ ಹೇಳುವ 'ಮಾರಾಯ್ತಿ'ಯನ್ನು ಅನಿಷಾ ಪ್ರಾಪ್ತಿಗೆ ಎಂದೂ ಹೇಳಿದವಳಲ್ಲ. ಅದು ಅವರಿಬ್ಬರ ನಡುವಿನ ಸಲಿಗೆ ಎಂದುಕೊಂಡಿದ್ದಳು. ಸಲಿಗೆ ಇಬ್ಬರದ್ದೋ ತನ್ನೊಬ್ಬಳದ್ದೋ ಎಂದು ಕೇಳಿಕೊಂಡಿರಲಿಲ್ಲ.

ಮೊದಲು ಕಂಡದ್ದೂ ಒಂದು ಮದುವೆಯಲ್ಲೇ. ಬೆಳ್ತಂಗಡಿಯ ಸಭಾಭವನದಲ್ಲಿ ಮದುಮಗಳ ಮುಖಕ್ಕೆ ಪೌಡರು ಕೂರುತ್ತಿರಲಿಲ್ಲ, ಫ್ಯಾನು ತಿರುಗುತ್ತಿರಲಿಲ್ಲ, ಯಾರಾದರೂ ಬನ್ನಿ ಎಂದು ಅನಿಷಾ ಬಾಗಿಲಿಗೆ ಬಂದು ಕೂಗಿದಾಗ ಏಣಿಯ ತುದಿಯಲ್ಲಿ ಕೊರಳಿಗೆ ವಯರಿನ ಸುರುಳಿ ಹಾಕಿಕೊಂಡು ನಿಂತಿದ್ದ ಆಕೃತಿ ತಿರುಗಿ ನೋಡಿತು. ಬಾಯಲ್ಲಿ ಟೆಸ್ಟರು ಕಚ್ಚಿಕೊಂಡಿತ್ತು. ಅನಿಷಾಳ ಬಾಯಲ್ಲಿ ಪಿನ್ನಿತ್ತು. ಇಬ್ಬರಿಗೂ ಮಾತಾಡಲಿಕ್ಕಾಗದೆ ಒಬ್ಬರನ್ನೊಬ್ಬರು ನೋಡಿ ನಕ್ಕರು. ತಂದೆ ಚಿನ್ನಯ್ಯ ತೀರಿಹೋದ ಮೇಲೆ ಲೈಟು ಮತ್ತು ಸೌಂಡಿನ ಅವರ ವ್ಯಾಪಾರವನ್ನು ಮಗಳೇ ನಡೆಸುತ್ತಾಳೆ ಎಂದು ಆಮೇಲೆ ತಿಳಿಯಿತು. ಅನಿಷಾಳಿಗೆ ಗಂಡಸರು ಬೇಡವಾಗಿ ಎಷ್ಟೋ ಕಾಲವಾಗಿತ್ತು. ಬೇಕಾಗಿದ್ದ ಕಾಲವೇ ಇರಲಿಲ್ಲ. ಆದರೆ ಕಾಲು ಅಗಲಿಸಿ ನಿಲ್ಲುವುದು, ಪ್ಯಾಂಟಿನ ಹಿಂದಿನ ಜೇಬಿಗೆ ಕೈ ಒರೆಸುವುದು, ಭಾರದ ಪೆಟ್ಟಿಗೆಯನ್ನು ತೊಡೆಗೆ ಆನಿಸಿ ಎತ್ತುವುದು, ಇವೆಲ್ಲ ಒಂದು ಹೆಣ್ಣಿನ ಮೈಯಲ್ಲಿ ಕಂಡಾಗ ಅವಳ ಹೊಟ್ಟೆಯೊಳಗೆ ಏನೋ ಸಡಿಲವಾಗುತ್ತಿತ್ತು. ದಿನವಿಡೀ ಹೆಂಗಸರನ್ನು ಇನ್ನಷ್ಟು ಹೆಂಗಸರನ್ನಾಗಿ ಮಾಡಿ ಮಾಡಿ ಬೇಸತ್ತವಳಿಗೆ, ತನ್ನ ಯಾವ ಡಬ್ಬಿಯ ಅಗತ್ಯವೂ ಇಲ್ಲದ ಮುಖ ಅದೊಂದೇ ಆಗಿತ್ತು. ಆ ಮುಖದ ಎದುರು ತನ್ನ ಕಾಡಿಗೆ, ತನ್ನ ಮಲ್ಲಿಗೆ, ತನ್ನ ಸಣ್ಣ ಧ್ವನಿ ಎಲ್ಲಕ್ಕೂ ಒಂದು ಅರ್ಥ ಬಂದಂತೆ ಅವಳಿಗೆ ತೋರುತ್ತಿತ್ತು. ಸ್ಕೂಟರಿನ ಹಿಂದೆ ಕೂತು ಸೊಂಟಕ್ಕೆ ಕೈ ಬಳಸಿ ಹೋಗುವಾಗ ಹಿಂದಿನಿಂದ ನೋಡಿದವರು ಗಂಡ ಹೆಂಡತಿ ಎಂದುಕೊಳ್ಳುತ್ತಾರೆ ಎಂಬುದು ಅವಳಿಗೆ ಧೈರ್ಯವೂ ಆಗಿತ್ತು, ಗುಟ್ಟಿನ ಸಂತೋಷವೂ ಆಗಿತ್ತು. ಕಲ್ಲಡ್ಕದ ಹೋಟೆಲೊಂದರಲ್ಲಿ ಸಪ್ಲಾಯರ್ ಬಂದು, 'ಅಣ್ಣನಿಗೆ ಎಂತ ಕೊಡುವ?' ಎಂದು ಕೇಳಿದ್ದ. ಅನಿಷಾ ಮೇಜಿನ ಮೇಲೆ ತಲೆಯಿಟ್ಟು ನಕ್ಕಿದ್ದೇ ನಕ್ಕಿದ್ದು. ಮನೆಗೆ ಬಂದ ಮೇಲೂ ಆ ಮಾತನ್ನು ಒಂದು ಮೆಡಲಿನಂತೆ ತೆಗೆದು ತೆಗೆದು ನೋಡಿದ್ದಳು. ಪ್ರಾಪ್ತಿ ಆ ದಿನ ಚಹಾ ಅರ್ಧಕ್ಕೇ ಬಿಟ್ಟಿದ್ದಳು. ಬಿಸಿ ಹೆಚ್ಚಾಯಿತೇನೋ ಎಂದುಕೊಂಡಿದ್ದಳು ಅನಿಷಾ.

ಸಭಾಭವನ ತಲುಪಿದಾಗ ಅಡುಗೆಯವರ ಗದ್ದಲ ಆಗಲೇ ಶುರುವಾಗಿತ್ತು. ಚಿನ್ನಯ್ಯನ ಕಾಲದಿಂದಲೂ ಜೊತೆಗಿರುವ ಮುದುಕ ಶೀನಪ್ಪ ಪಿಕಪ್ಪಿನ ಬಾಗಿಲು ಬಿಚ್ಚಿ, 'ಇವತ್ತಾದರೂ ನೀನು ಕೈ ಹಾಕ್ಬೇಡ ಮಗಾ, ಮದುಮಗನ ಅಕ್ಕ ಅಲ್ವಾ ನೀನು' ಎಂದ. ಪ್ರಾಪ್ತಿ ಕೇಳಲಿಲ್ಲ. 'ಮೈಕ್ ಕೂಗಿದ್ರೆ ಜನ ಬೈಯುವುದು ನನಗೆ' ಎಂದು ಸ್ಪೀಕರಿಗೆ ಹೆಗಲು ಕೊಟ್ಟಳು. ಅನಿಷಾ ಡ್ರೆಸ್ಸಿಂಗ್ ರೂಮಿಗೆ ಹೋಗಿ ಕನ್ನಡಿಯ ಮುಂದೆ ತನ್ನ ಡಬ್ಬಿಗಳನ್ನು ಜೋಡಿಸಿದಳು. ಚೀಲದ ತಳದಲ್ಲಿ, ಯಾರಿಗೂ ಹೇಳದೆ ಹೊಲಿಸಿದ ಒಂದು ಕೆನೆಬಣ್ಣದ ರೇಷ್ಮೆ ಜುಬ್ಬಾ ಇತ್ತು. ಕತ್ತಿನ ಸುತ್ತ ಸಣ್ಣ ಜರಿಯ ಅಂಚು. ಅಳತೆಯ ಬಟ್ಟೆ ಬೇಕಾಗಿರಲಿಲ್ಲ, ಆ ಭುಜಗಳ ಅಗಲ ಅವಳ ಕೈಗೆ ಗೊತ್ತಿತ್ತು. ಮಂಗಳೂರಿನ ಕಡೆ ಈಗ ಎಷ್ಟೋ ಹುಡುಗಿಯರು ಮದುವೆಗೆ ಹೀಗೆ ಹಾಕುತ್ತಾರೆ, ಕಲಶಕನ್ನಡಿ ಹಿಡಿಯಲಿಕ್ಕೆ ಇದಕ್ಕೇನಾಗಿದೆ ಎಂದು ಪ್ರಾಪ್ತಿಯ ತಾಯಿಯ ಹತ್ತಿರ ಹೇಗೆ ಹೇಳುವುದೆಂದು ಅವಳು ಮನಸ್ಸಿನಲ್ಲೇ ಪಾಠ ಮಾಡಿಕೊಂಡಿದ್ದಳು. ಪ್ರಾಪ್ತಿಯ ಮುಖದಲ್ಲಿ ಮೂಡುವ ಸಮಾಧಾನವನ್ನು, ಒಬ್ಬಳಾದರೂ ನನ್ನ ಪರವಾಗಿ ನಿಂತಳು ಎಂಬ ಕಣ್ಣನ್ನು, ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು. ಆ ಕಲ್ಪನೆಯಲ್ಲಿ ಪ್ರಾಪ್ತಿಗಿಂತ ಅವಳೇ ಚಂದ ಕಾಣುತ್ತಿದ್ದಳು.

ಪ್ರಫುಲ್ಲಾ, ಪ್ರಾಪ್ತಿಯ ತಾಯಿ, ಊಟದ ಕೋಣೆಯ ಬಾಗಿಲಲ್ಲಿ ವೀಳ್ಯದೆಲೆ ಎಣಿಸಿಡುತ್ತ ಕೂತಿದ್ದರು. ಅನಿಷಾ ಪಕ್ಕದಲ್ಲಿ ಕೂತು, ಎರಡು ಎಲೆ ಒರೆಸಿ ಕೊಟ್ಟು, ಮೆಲ್ಲನೆ ಶುರು ಮಾಡಿದಳು. 'ಅಕ್ಕ, ತಪ್ಪು ತಿಳಿಯಬೇಡಿ. ಪ್ರಾಪ್ತಿಗೆ ಸೀರೆ ಅಭ್ಯಾಸ ಇಲ್ಲ ಅಲ್ವಾ. ಒತ್ತಾಯ ಮಾಡಿದ್ರೆ ಪಾಪ, ಅವಳು ಎಲ್ಲರ ಎದುರು...' ಪ್ರಫುಲ್ಲಾ ಎಲೆ ಕೆಳಗಿಟ್ಟು ಅವಳ ಮುಖ ನೋಡಿದರು.

'ಒತ್ತಾಯವಾ? ಯಾರು ಮಾಡಿದ್ದು ಒತ್ತಾಯ? ನಾನು ಹೇಳಿದ್ದೇ ಬೇಡ ಅಂತ. ಚೂಡಿದಾರ ಹಾಕು ಸಾಕು, ಇಲ್ಲದಿದ್ರೆ ಚಿಕ್ಕಮ್ಮನ ಮಗಳು ಹಿಡೀತಾಳೆ ಅಂದೆ. ಅವಳೇ ಹಟ ಮಾಡಿ ಮಂಗಳೂರಿಗೆ ಹೋಗಿ ಸೀರೆ ತಂದದ್ದು. ರವಿಕೆ ಹೊಲಿಸಲಿಕ್ಕೆ ಮೂರು ಸಲ ಟೈಲರಿನ ಹತ್ತಿರ ಹೋಗಿದ್ದಾಳೆ. ನಿನ್ಹತ್ರ ಹೇಳ್ಲಿಲ್ವಾ ಅವಳು?'

'ಹೇಳಿದ್ಲು' ಎಂದಳು ಅನಿಷಾ. ಸುಳ್ಳು ಅಷ್ಟು ಸಲೀಸಾಗಿ ಬಂತು.

'ನಿನಗೆ ಗೊತ್ತುಂಟಾ, ಅವಳು ಸೀರೆ ಉಟ್ಟು ಕನ್ನಡಿ ಮುಂದೆ ನಿಂತದ್ದನ್ನು ನಾನು ಕಳ್ಳಿಯ ಹಾಗೆ ಕಿಟಕಿಯಿಂದ ನೋಡಿದ್ದು. ನಾನು ಹೆತ್ತದ್ದಲ್ವಾ. ಪ್ಯಾಂಟೂ ಅವಳದ್ದೇ, ಸೀರೆಯೂ ಅವಳದ್ದೇ. ನೀನು ಚಂದ ಮಾಡಿ ಉಡಿಸು ಆಯ್ತಾ?' ಎಂದು ಪ್ರಫುಲ್ಲಾ ಮತ್ತೆ ಎಲೆಗೆ ಕೈ ಹಾಕಿದರು.

ಅನಿಷಾ ವಾಪಸು ಬಂದು ಜುಬ್ಬಾವನ್ನು ಚೀಲದ ಇನ್ನಷ್ಟು ಒಳಗೆ ತುರುಕಿದಳು. ಅವಳಿಗೆ ಮೊದಲು ಬಂದದ್ದು ಸಿಟ್ಟು. ನನ್ನ ಹತ್ತಿರ ಯಾಕೆ ಹೇಳಲಿಲ್ಲ? ಆಮೇಲೆ ಬಂದದ್ದು ಹೆದರಿಕೆ, ಅದಕ್ಕೆ ಹೆಸರಿರಲಿಲ್ಲ. ಹೇಳಿದ್ದಳೇನೋ. 'ಸೀರೆ ನೀನೇ ಉಡಿಸಬೇಕು, ಬೇರೆ ಯಾರೂ ಮುಟ್ಟುವುದು ಬೇಡ' ಎಂದು ಪಾರ್ಲರಿನ ಸೋಫಾದಲ್ಲಿ ಬಿದ್ದುಕೊಂಡು ಅವಳು ಹೇಳಿದಾಗ, ಅನಿಷಾ ಅವಳ ತಲೆಗೂದಲಲ್ಲಿ ಬೆರಳಾಡಿಸುತ್ತ, 'ಒಂದು ದಿನ ಅಲ್ವಾ, ಸಹಿಸಿಕೊಳ್ಳೋ' ಎಂದಿದ್ದಳು. ಪ್ರಾಪ್ತಿ ಏನೋ ಹೇಳಲು ಬಾಯಿ ತೆರೆದು, ಕೂದಲಲ್ಲಿ ಆಡುತ್ತಿದ್ದ ಕೈಯನ್ನು ಹಿಡಿದು ಸುಮ್ಮನಾಗಿದ್ದಳು.

ಬಾಗಿಲು ತಟ್ಟಿ ಪ್ರಾಪ್ತಿ ಒಳಗೆ ಬಂದು ಚಿಲಕ ಹಾಕಿದಳು. ಮುಖ ತೊಳೆದಿದ್ದಳು, ಕಿವಿಯ ಹಿಂದೆ ಧೂಳು ಉಳಿದಿತ್ತು. ಅಂಗಿ ಪ್ಯಾಂಟು ಬಿಚ್ಚಿ ಮಡಚಿ ಅನಿಷಾಳ ಕೈಗೆ ಕೊಟ್ಟು, 'ಇದು ನಿನ್ನ ಚೀಲದಲ್ಲಿರಲಿ, ಕೊನೆಗೆ ಬೇಕಾಗ್ತದೆ' ಎಂದಳು. ಆಮೇಲೆ ಕಾಗದದ ಪೊಟ್ಟಣದಿಂದ ಸೀರೆ ತೆಗೆದಳು. ಅದು ಗುಲಾಬಿ. ತಿಳಿ ಗುಲಾಬಿಯೂ ಅಲ್ಲ. ಮದರಂಗಿಯ ದಿನ ಕಾಲೇಜು ಹುಡುಗಿಯರು ಉಡುವ ಕಣ್ಣು ಕುಕ್ಕುವ ರಾಣಿಗುಲಾಬಿ, ಅಂಗೈ ಅಗಲದ ಜರಿ ಅಂಚು. 'ಜಾಸ್ತಿ ಆಯ್ತಾ?' ಎಂದು ಕೇಳಿದಳು. ಆ ಪ್ರಶ್ನೆಯನ್ನು ಎಲ್ಲ ಮದುಮಗಳಂದಿರೂ ಕೇಳುತ್ತಾರೆ. ಉತ್ತರವಾಗಿ ಅನಿಷಾ ಒಂದು ಹಿಡಿ ಪಿನ್ನು ತೆಗೆದು ತುಟಿಯ ನಡುವೆ ಸಾಲಾಗಿ ಕಚ್ಚಿಕೊಂಡು, ತಲೆಯಲ್ಲಾಡಿಸಿ, ಕೆಲಸ ಶುರು ಮಾಡಿದಳು. ಪಿನ್ನು ಬಾಯಲ್ಲಿದ್ದಾಗ ಯಾರೂ ಮಾತಾಡಿಸುವುದಿಲ್ಲ. ಈ ಅಭ್ಯಾಸ ಪ್ರಾಪ್ತಿಗೆ ಚೆನ್ನಾಗಿ ಗೊತ್ತಿತ್ತು. ಖಾಲಿಯಾದ ಎಷ್ಟೋ ಡ್ರೆಸ್ಸಿಂಗ್ ರೂಮುಗಳಲ್ಲಿ ಅವಳು ಹಿಂದಿನಿಂದ ಬಂದು, ಅನಿಷಾಳ ತುಟಿಯಿಂದ ಕೊನೆಯ ಪಿನ್ನನ್ನು ಬೆರಳಲ್ಲಿ ಮೆಲ್ಲನೆ ತೆಗೆದು, ಆ ಜಾಗಕ್ಕೆ ತನ್ನ ತುಟಿ ಇಟ್ಟಿದ್ದಳು.

ಅನಿಷಾ ಮಂಡಿಯೂರಿ ನೆರಿಗೆ ಹಿಡಿಯತೊಡಗಿದಳು. ಮೂಗಿನ ಮುಂದೆಯೇ ಅವಳು ಕಣ್ಣು ಮುಚ್ಚಿ ಗುರುತಿಸಬಲ್ಲ ಹೊಟ್ಟೆ, ಹೊಕ್ಕುಳಿನ ಎಡಕ್ಕೆ ತಂತಿ ತಾಗಿದ ಗೆರೆ. ಅದನ್ನು ಗುಲಾಬಿ ಬಣ್ಣ ಒಂದೊಂದೇ ಮಡಿಕೆಯಾಗಿ ಮುಚ್ಚಿಕೊಂಡು ಬಂತು. ಮೇಲೆ ಪ್ರಾಪ್ತಿ ಮಾತಾಡುತ್ತಿದ್ದಳು, ಯಾವತ್ತೂ ಇಷ್ಟು ಮಾತಾಡದವಳು. 'ಸಣ್ಣದಿರುವಾಗ ಅಮ್ಮನ ಸೀರೆ ಸುತ್ತಿಕೊಂಡು ಅಂಗಳದಲ್ಲಿ ಓಡ್ತಿದ್ದೆ ಅಂತೆ. ಆಮೇಲೆ ಅಪ್ಪನೊಟ್ಟಿಗೆ ಕೆಲಸಕ್ಕೆ ಹೋಗ್ಲಿಕ್ಕೆ ಶುರು ಮಾಡಿದ್ದು, ಪ್ಯಾಂಟು ಹಾಕಿದ್ದು. ಪ್ಯಾಂಟು ನನಗೆ ಇಷ್ಟ, ಇಲ್ಲ ಅಂತ ಅಲ್ಲ. ನಾಳೆಯೂ ಅದನ್ನೇ ಹಾಕ್ತೇನೆ. ಆದ್ರೆ ಜನ ನೋಡಿ ನೋಡಿ ನಾನು ಅದು ಮಾತ್ರ ಅಂತ ಮಾಡಿಬಿಟ್ರು ಮಾರಾಯ್ತಿ. ಇದು ಉಟ್ರೆ ನಗ್ತಾರೇನೋ ಅಂತ ಹೆದರಿ ಹೆದರಿ ಮೂವತ್ತು ವರ್ಷ ಆಯ್ತು. ನಿನ್ನ ಎದುರು ಒಮ್ಮೆ ಉಡುವ ಅಂತ. ಊರಿಗೆ ತೋರಿಸ್ಲಿಕ್ಕೆ ಅಲ್ಲ, ನಿನಗೆ ತೋರಿಸ್ಲಿಕ್ಕೆ.' ಅನಿಷಾ ಹೂಂ ಎಂದಳು. ಸೆರಗನ್ನು ಭುಜಕ್ಕೆ ಏರಿಸಿದಳು. ಅಗಲವಾದ ಆ ಭುಜಕ್ಕೆ ಸೆರಗಿನ ಮಡಿಕೆ ಅಗಲಕ್ಕೇ ಹಿಡಿಯಬೇಕಾಯಿತು. ಬಳೆ ಮುಂಗೈಗೆ ಇಳಿಯಲಿಲ್ಲ, ಸೋಪು ಹಚ್ಚಬೇಕಾಯಿತು. ಗಿಡ್ಡ ಕೂದಲನ್ನು ಹಿಂದಕ್ಕೆ ಸವರಿ ಕಟ್ಟಿ, ಚೌರಿ ಸೇರಿಸಿ, ಮಲ್ಲಿಗೆ ಮುಡಿಸಿದಳು. ತುಟಿಗೆ ಬಣ್ಣ ಹಚ್ಚುವಾಗ ಪ್ರಾಪ್ತಿ ಮಗುವಿನಂತೆ ಬಾಯಿ ಅರ್ಧ ತೆರೆದು ಕೊಟ್ಟಳು.

ಎಲ್ಲ ಮುಗಿಯಿತು. ಹಾಕಬೇಕಾದ ಪಿನ್ನು ಎಲ್ಲ ಹಾಕಿಯಾಗಿತ್ತು. ಒಂದು ಉಳಿದಿತ್ತು, ಅದಕ್ಕೆ ಕೆಲಸವಿರಲಿಲ್ಲ. ಪ್ರಾಪ್ತಿ ಕನ್ನಡಿಗೆ ತಿರುಗದೆ ಅನಿಷಾಳ ಕಡೆಗೇ ತಿರುಗಿ ನಿಂತಳು. 'ಹೇಗೆ ಕಾಣ್ತೇನೆ?' ಎಂದಳು. ಎದುರಿಗೆ ನಿಂತದ್ದು ಒಬ್ಬಳು ಹೆಂಗಸು. ಸ್ವಲ್ಪ ಎತ್ತರದ, ಬೆವರಿದ, ಗಾಬರಿಯ ಕಣ್ಣಿನ, ಯಾವ ಮದುವೆಯಲ್ಲೂ ಸಾಲಿನಲ್ಲಿ ಕಾಣಬಹುದಾದ ಹೆಂಗಸು. ಅನಿಷಾ ತನ್ನ ಮೈಯೊಳಗೆ ಹುಡುಕಿದಳು. ಹೊಟ್ಟೆಯಲ್ಲಿ ಸಡಿಲಾಗುವ ಅದು, ಯಾವತ್ತೂ ಕರೆಯದೆ ಬರುವ ಅದು, ಬರಲಿಲ್ಲ. ಮೈ ಸುಮ್ಮನೆ ನಿಂತಿತ್ತು, ದಿನಾ ಮದುಮಗಳಂದಿರ ಎದುರು ನಿಲ್ಲುವ ಹಾಗೆ. ಇವಳು ಹೀಗಾದರೆ ನಾನು ಯಾರು, ನಾವಿಬ್ಬರೂ ಏನು, ಸ್ಕೂಟರಿನ ಹಿಂದೆ ಇನ್ನು ಕೂರುವುದು ಹೇಗೆ, ಜನ ಏನೆಂದುಕೊಂಡಾರು ಎಂದು ನಾಚಿಕೆಗೇಡಿನ ಯೋಚನೆಗಳು ಒಂದರ ಹಿಂದೊಂದು ಬಂದವು. ಒಂದೇ ಒಂದು ಮಾತು ಬೇಕಾಗಿತ್ತು, 'ಚಂದ' ಎಂಬ ಎರಡಕ್ಷರದ ಮಾತು. ಸುಳ್ಳಾಗಿಯಾದರೂ ಹೇಳಬಹುದಿತ್ತು. ಅವಳು ಪಿನ್ನನ್ನು ತುಟಿಯಲ್ಲಿ ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡು, ಬಗ್ಗಿ, ಸರಿಯಾಗಿಯೇ ಇದ್ದ ನೆರಿಗೆಯನ್ನು ಮತ್ತೆ ಸರಿ ಮಾಡಿದಳು.

ಪ್ರಾಪ್ತಿ ಅವಳ ಗಲ್ಲ ಹಿಡಿದು ಮುಖವೆತ್ತಿದಳು. ಎರಡು ಬೆರಳಲ್ಲಿ ಪಿನ್ನನ್ನು ತುಟಿಯಿಂದ ತೆಗೆದಳು, ಯಾವಾಗಲೂ ತೆಗೆಯುವಷ್ಟೇ ಮೆಲ್ಲನೆ. ಮುತ್ತು ಕೊಡಲಿಲ್ಲ. 'ಈಗ ಹೇಳು' ಎಂದಳು.

'ನೀನು ಅಂತ ಗುರ್ತವೇ ಸಿಕ್ಕುವುದಿಲ್ಲ' ಎಂದಳು ಅನಿಷಾ.

ಕುರ್ಚಿಯನ್ನು ಕನ್ನಡಿಗೆ ತಿರುಗಿಸುತ್ತ ಅವಳು ಎಲ್ಲ ಮದುಮಗಳಂದಿರಿಗೂ ಹೇಳುವ ಮಾತು ಅದು. ಕೇಳಿದವರು ನಾಚಿ ನಗುತ್ತಾರೆ, ತಾಯಂದಿರು ಕಣ್ಣೊರೆಸಿಕೊಳ್ಳುತ್ತಾರೆ. ವಯರು ಎಳೆಯುತ್ತ ಬಾಗಿಲ ಹೊರಗೆ ಕೂತಿದ್ದಾಗಲೆಲ್ಲ ಪ್ರಾಪ್ತಿ ಅದನ್ನು ಕೇಳಿದ್ದಾಳೆ, ಆಮೇಲೆ ಅದೇ ಧ್ವನಿ ಮಾಡಿ ತಮಾಷೆ ಮಾಡಿದ್ದಾಳೆ. ಈಗ ಅವಳು ತಮಾಷೆ ಮಾಡಲಿಲ್ಲ. ಗುಲಾಬಿ ಬಣ್ಣದ ಮೇಲಿನ ಮುಖದಲ್ಲಿ ಏನೋ ಮೆಲ್ಲನೆ ಬಾಗಿಲು ಹಾಕಿಕೊಂಡದ್ದು ಅನಿಷಾಳಿಗೆ ಕಂಡಿತು. 'ಹೌದಾ' ಎಂದಳು ಪ್ರಾಪ್ತಿ. 'ನಿನಗೆ ಗುರ್ತ ಸಿಗ್ಬೇಕು ಅಂತಲೇ ನಾನು ಉಟ್ಟದ್ದು.' ಪಿನ್ನನ್ನು ಮುಚ್ಚಿ, ಕನ್ನಡಿಯ ಮುಂದಿನ ಡಬ್ಬಿಯೊಳಗೆ ಜೋಪಾನವಾಗಿ ಹಾಕಿ, ಸೆರಗು ಹಿಡಿದುಕೊಂಡು ಹೊರಗೆ ಹೋದಳು. ಚಿಲಕ ತೆಗೆಯುವಾಗ ಬಳೆಗಳು ಸದ್ದು ಮಾಡಿದವು.

ಆಮೇಲೆ ಮದುವೆ ಎಂಬುದು ನಡೆಯಿತು. ಅನಿಷಾ ಕಂಬಕ್ಕೆ ಒರಗಿ ನಿಂತಿದ್ದಳು. ನಾಗಸ್ವರದ ಜೊತೆಗೆ ತರುಣ ಬಂದ, ಅವನ ಮುಂದೆ ಕಲಶಕನ್ನಡಿ ಹಿಡಿದು ಪ್ರಾಪ್ತಿ ಬಂದಳು. ಸೀರೆಯ ನಡಿಗೆ ಅವಳಿಗೆ ಬರುತ್ತಿರಲಿಲ್ಲ. ಹೆಜ್ಜೆ ದೊಡ್ಡದಾದಾಗ ನೆರಿಗೆ ಎಳೆಯುತ್ತಿತ್ತು, ಆಗ ನೆನಪಾಗಿ ಸಣ್ಣ ಹೆಜ್ಜೆ ಇಡುತ್ತಿದ್ದಳು. ಕುರ್ಚಿಗಳ ಸಾಲಿನಲ್ಲಿ ಚಿಕ್ಕಮ್ಮಂದಿರು, 'ಅಯ್ಯೋ ನಮ್ಮ ಪ್ರಾಪ್ತಿಯಾ? ಎಷ್ಟು ಚಂದ ಕಾಣ್ತಾಳೆ!' ಎಂದು ಬಾಯಿಗೆ ಕೈಯಿಟ್ಟರು. 'ಇನ್ನು ಇವಳಿಗೂ ಒಬ್ಬ ಹುಡುಗನನ್ನು ನೋಡುವ' ಎಂದೂ ಸೇರಿಸಿದರು. ಯಾರಿಗೂ ಕಷ್ಟವಾಗದ 'ಚಂದ' ಎಂಬ ಆ ಮಾತು ಎಲ್ಲರ ಬಾಯಲ್ಲೂ ಸಸಾರವಾಗಿ ಓಡಾಡುತ್ತಿತ್ತು. ಪ್ರಾಪ್ತಿ ಎಲ್ಲರಿಗೂ ನಕ್ಕಳು. ಕಂಬದ ಕಡೆಗೆ ನೋಡಲಿಲ್ಲ. ಅನಿಷಾಳಿಗೆ ನೆನಪಾದದ್ದು ಮಾತ್ರ ಬೇರೆ ಯಾವುದೋ. ಹೀಗೇ ಒಂದು ಸಭಾಭವನದ ಹೆಂಗಸರ ಪಾಯಿಖಾನೆಗೆ ಪ್ರಾಪ್ತಿ ಹೋದಾಗ ಒಳಗಿದ್ದವರು ಗಂಡಸು ಗಂಡಸು ಎಂದು ಕಿರುಚಿದ್ದರು. ಅನಿಷಾ ಓಡಿಬಂದು, ಜಗಳಾಡಿ, ಅವಳನ್ನು ಕೈಹಿಡಿದು ಹೊರಗೆ ತಂದಿದ್ದಳು. ತರುವಾಗ ಒಳಗೊಳಗೇ ಹೆಮ್ಮೆಪಟ್ಟಿದ್ದಳು, ನೋಡು, ಎಲ್ಲರನ್ನೂ ಬೇಸ್ತು ಬೀಳಿಸುವಂಥವಳು ನನ್ನವಳು ಎಂದು. ಅಂದಿನಿಂದ ಕಾರ್ಯಕ್ರಮದ ದಿನಗಳಲ್ಲಿ ಪ್ರಾಪ್ತಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಬಾಟಲಿ ಕೊಟ್ಟರೆ, ಬಾಯಾರಿಕೆ ಇಲ್ಲ ಎನ್ನುತ್ತಿದ್ದಳು. ಬೇಸಗೆಯಲ್ಲಿ ಏಣಿ ಹತ್ತಿ ಇಳಿಯುವವಳಿಗೆ ಬಾಯಾರಿಕೆ ಇಲ್ಲವೆಂದರೆ ಅನಿಷಾ ನಂಬಿದ್ದಳು. ಈಗ ಮಂಟಪದ ಬದಿಯಲ್ಲಿ ಪ್ರಾಪ್ತಿ ಯಾರೋ ಕೊಟ್ಟ ಪಾನಕವನ್ನು ಗಟಗಟ ಕುಡಿದು, ಮತ್ತೊಂದು ಲೋಟ ಕೇಳಿ ಕುಡಿಯುತ್ತಿದ್ದಳು. ಕುಡಿದು, ಲೋಟ ಇಟ್ಟು, ಹೆಂಗಸರ ಕಡೆಯ ಬಾಗಿಲಿನಿಂದ ಯಾರ ತಡೆಯೂ ಇಲ್ಲದೆ ಒಳಗೆ ಹೋಗಿ ಬಂದಳು. ನೀರು ಕುಡಿಯುವುದನ್ನು ಅವಳು ಯಾಕೆ ಬಿಟ್ಟಿದ್ದಳೆಂದು ಅನಿಷಾಳಿಗೆ ಈಗ ತಿಳಿಯಿತು. ಅವಳನ್ನು ಗಂಡು ಎಂದು ನೋಡಿದವರಲ್ಲಿ ಕಿರುಚಿದವರು ಕೆಲವರು, ಪ್ರೀತಿಸಿದವಳು ಒಬ್ಬಳು. ನೋಡಿದ್ದರಲ್ಲಿ ವ್ಯತ್ಯಾಸ ಇರಲಿಲ್ಲ.

ಊಟವಾಗಿ, ಮದುಮಗಳನ್ನು ಕರೆದುಕೊಂಡು ದಿಬ್ಬಣ ಹೊರಟಿತು. ಪ್ರಫುಲ್ಲಾ ಕಾರಿನ ಕಿಟಕಿಯಿಂದ, 'ನೀನೂ ಬಾ ಮಗಾ' ಎಂದು ಕೂಗಿದರು. 'ಸಾಮಾನು ತುಂಬಿಸಿ ಬರ್ತೇನೆ, ಶೀನಪ್ಪಣ್ಣನಿಂದ ಒಬ್ಬರಿಂದಲೇ ಆಗುವುದಿಲ್ಲ' ಎಂದಳು ಪ್ರಾಪ್ತಿ. ಅನಿಷಾ ಡ್ರೆಸ್ಸಿಂಗ್ ರೂಮಿನಲ್ಲಿ ನೀಲಿ ಚೌಕುಳಿ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಈಗ ಬರುತ್ತಾಳೆ, ಪಿನ್ನು ಬಿಚ್ಚಬೇಕಲ್ಲ, ಬಿಚ್ಚುವಾಗ ಹೇಳುತ್ತೇನೆ. ಏನು ಹೇಳುವುದು ಎಂದು ಗೊತ್ತಿರಲಿಲ್ಲ. ಕಾಯುತ್ತ ಕಾಯುತ್ತ ಅಂಗಿಯನ್ನು ಮೂಗಿಗೆ ಹಿಡಿದಳು: ಬೆವರು, ಡೀಸೆಲು, ಅಗ್ಗದ ಸೋಪು. ಹೊಟ್ಟೆಯೊಳಗೆ ಅದು ಕೂಡಲೇ ಎದ್ದು ಕೂತಿತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಬಹಳ ಹೊತ್ತಾದರೂ ಯಾರೂ ಬಾರದಿದ್ದಾಗ ಹೊರಗೆ ಬಂದಳು. ಖಾಲಿ ಸಭಾಭವನದ ನಡುವೆ ಏಣಿ. ಏಣಿಯ ತುದಿಯಲ್ಲಿ ಪ್ರಾಪ್ತಿ, ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ನಿಂತು ಸೀರಿಯಲ್ ಲೈಟು ಬಿಚ್ಚುತ್ತಿದ್ದಳು. ಬೆನ್ನ ಮೇಲೆ ಮಲ್ಲಿಗೆ ಬಾಡಿ ಓರೆಯಾಗಿತ್ತು. ಬಳೆಗಳನ್ನು ಮೊಣಕೈವರೆಗೆ ಏರಿಸಿದ್ದಳು, ಗುಲಾಬಿ ರವಿಕೆಯ ಕಂಕುಳು ಬೆವರಿಗೆ ಕಪ್ಪಾಗಿತ್ತು. ಬಾಯಲ್ಲಿ ಟೆಸ್ಟರು. ತುಟಿಯ ಬಣ್ಣ ಟೆಸ್ಟರಿಗೂ ಹತ್ತಿತ್ತು. ಅನಿಷಾ ನಿಂತಲ್ಲೇ ನಿಂತಳು. ಇವಳು ಬೇರೆ ಯಾರೂ ಆಗಿರಲಿಲ್ಲ. ಬೆಳ್ತಂಗಡಿಯಲ್ಲಿ ತಿರುಗಿ ನೋಡಿದವಳೇ. ಅವತ್ತು ಅಂಗಿಯೊಳಗಿದ್ದವಳು ಇವತ್ತು ಸೀರೆಯೊಳಗಿದ್ದಳು. ಮಲ್ಲಿಗೆಯೂ ಅವಳೇ, ಏಣಿಯೂ ಅವಳೇ. ಬೆಳಿಗ್ಗೆ ಕರೆದರೂ ಬಾರದ್ದು ಈಗ ಕರೆಯದೆ ಬಂತು. ಇಷ್ಟು ಆಸೆ ಅವಳಿಗೆ ಯಾರ ಮೇಲೂ, ಇದೇ ಪ್ರಾಪ್ತಿಯ ಮೇಲೂ, ಯಾವತ್ತೂ ಆಗಿರಲಿಲ್ಲ.

'ಪ್ರಾಪ್ತಿ' ಎಂದಳು. 'ಇಳಿ ಒಮ್ಮೆ. ನಾನು ಒಂದು ಮಾತು...'

ಪ್ರಾಪ್ತಿ ಇಳಿದಳು. ಟೆಸ್ಟರನ್ನು ಸೊಂಟಕ್ಕೆ ಸಿಕ್ಕಿಸಿ, ಲೈಟಿನ ಮಾಲೆಯನ್ನು ಮೊಣಕೈಗೂ ಅಂಗೈಗೂ ಸುತ್ತತೊಡಗಿದಳು.

'ಬೆಳಿಗ್ಗೆ ನಾನು ಹೇಳಿದ್ದು ಸರಿಯಾಗ್ಲಿಲ್ಲ. ನೀನು... ಈಗ ನೋಡುವಾಗ...'

'ಈಗ ಏಣಿ ಹತ್ತಿದೆ ಅಲ್ವಾ, ಅದಕ್ಕೆ' ಎಂದಳು ಪ್ರಾಪ್ತಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. 'ಜನ ನನ್ನ ನೋಡಿ ನಕ್ಕಾಗ ನನಗೆ ಅಷ್ಟು ಬೇಜಾರಾಗ್ತಿರ್ಲಿಲ್ಲ ಅನಿ. ಕೊನೆಗೆ ನೀನುಂಟಲ್ಲ ಅಂತ ಇರ್ತಿತ್ತು. ಬೆಳಿಗ್ಗೆ ನಿನ್ನ ಮುಖ ನೋಡಿದೆ. ಬಾಯಲ್ಲಿ ಪಿನ್ನು ಇಟ್ಟುಕೊಂಡು ನಿಂತದ್ದು ನೋಡಿದೆ. ಹಾಕ್ಲಿಕ್ಕೆ ಜಾಗ ಇರ್ಲಿಲ್ಲ ಅದಕ್ಕೆ, ನನಗೆ ಗೊತ್ತುಂಟು. ಇನ್ನು ಪ್ಯಾಂಟು ಹಾಕಿದ ದಿನವೂ ನನಗೆ ಅದೇ ಮುಖ ಕಾಣ್ತದೆ.'

'ಹಾಗೆ ಹೇಳ್ಬೇಡ ಮಾರಾಯ' ಎಂದು ಅನಿಷಾಳ ಬಾಯಿಗೆ ಹಳೆಯ ಮಾತೇ ಬಂತು.

ಪ್ರಾಪ್ತಿ ಅವಳನ್ನು ನೋಡಿ ಸ್ವಲ್ಪ ನಕ್ಕಳು. ಅಷ್ಟರಲ್ಲಿ ಶೀನಪ್ಪ ಒಳಗೆ ಬಂದು ಏಣಿ ಮಡಚಿದ. ಪ್ರಾಪ್ತಿ ಸುರುಳಿಯನ್ನು ಅವನ ಕೈಗೆ ಕೊಟ್ಟು, ಪಿಕಪ್ಪಿನ ಕಡೆಗೆ ನಡೆದಳು. ಅನಿಷಾ ಹಿಂದೆಯೇ ಓಡಿದಳು. 'ಬಟ್ಟೆ? ಬದಲಿಸುವುದಿಲ್ವಾ? ಪಿನ್ನು ತೆಗೀತೇನೆ ಬಾ.' ಪ್ರಾಪ್ತಿ ಸೀಟಿಗೆ ಹತ್ತಿ, ಸೆರಗನ್ನು ಬಾಗಿಲಿಗೆ ಸಿಕ್ಕದಂತೆ ಎಳೆದುಕೊಂಡು, ಕೀಲಿ ತಿರುಗಿಸಿದಳು.

'ಅಮ್ಮ ತೆಗೀತಾರೆ' ಎಂದಳು. ಅನಿಷಾ ಎದೆಗವುಚಿ ಹಿಡಿದಿದ್ದ ಅಂಗಿಯನ್ನು ಒಮ್ಮೆ ನೋಡಿದಳು. 'ಅದು ನಿನ್ನ ಹತ್ರವೇ ಇರ್ಲಿ. ನಿನಗೆ ಬೇಕಾದದ್ದು ಅದೇ ಅಲ್ವಾ.'

ಏಣಿಯನ್ನೂ ಶೀನಪ್ಪನನ್ನೂ ಹಿಂದೆ ಹತ್ತಿಸಿಕೊಂಡು ಪಿಕಪ್ಪು ಗೇಟು ದಾಟಿ ರಸ್ತೆಗೆ ಇಳಿಯಿತು. ಕಿಟಕಿಯ ಹೊರಗೆ ಬಳೆ ಹಾಕಿದ ಕೈ ಬಲಕ್ಕೆ ತಿರುಗುವ ಸನ್ನೆ ಮಾಡಿ ಒಳಗೆ ಹೋಯಿತು.

ಮೂಡುಬಿದಿರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೇಕಪ್ ಪೆಟ್ಟಿಗೆ ಕಾಲಡಿ, ಜುಬ್ಬಾದ ಚೀಲ ಪೆಟ್ಟಿಗೆಯ ಮೇಲೆ, ಅಂಗಿ ಮಡಿಲಲ್ಲಿ. ಅನಿಷಾಳ ಬೆರಳು ಸುಮ್ಮನಿರಲಾರದೆ ಅಂಗಿಯ ಅಂಚನ್ನು ಹಿಡಿದು ಸಣ್ಣ ಸಣ್ಣ ನೆರಿಗೆ ಮಾಡುತ್ತಿತ್ತು, ಬಿಡುತ್ತಿತ್ತು, ಮತ್ತೆ ಮಾಡುತ್ತಿತ್ತು. ಬೆಳಿಗ್ಗೆ ಇದೇ ತಿರುವುಗಳಲ್ಲಿ ಎಂತ, ಮಾತೇ ಇಲ್ಲ ಎಂದು ಪ್ರಾಪ್ತಿ ಕೇಳಿದ್ದಳು. ಸಿದ್ಧಕಟ್ಟೆಯಲ್ಲಿ ಹತ್ತಿದ ಒಬ್ಬರು ಹೆಂಗಸು ಪಕ್ಕದಲ್ಲಿ ಕೂತು, ತರಕಾರಿಯ ಚೀಲವನ್ನು ಕಾಲಸಂದಿಗೆ ಸೇರಿಸಿ, ಉಸಿರು ಬಿಟ್ಟು, ಅವಳನ್ನೂ ಅಂಗಿಯನ್ನೂ ನೋಡಿದರು. ಸ್ವಲ್ಪ ಹೊತ್ತು ನೋಡಿ, ಕನಿಕರದಿಂದಲೇ ಕೇಳಿದರು. 'ಗಂಡನದ್ದಾ?'

'ಅಲ್ಲ' ಎಂದಳು ಅನಿಷಾ.

'ಮತ್ತೆ ಯಾರದ್ದು?'

'ಒಬ್ಬಳು ಹುಡುಗಿಯದ್ದು' ಎಂದಳು. ಈಗ ಬಾಯಲ್ಲಿ ಏನೂ ಅಡ್ಡವಿರಲಿಲ್ಲ. 'ತುಂಬಾ ಚಂದ ಇದ್ದಾಳೆ ಅವಳು.'

ಹೆಂಗಸು ಅಂಗಿಯನ್ನು ಇನ್ನೊಮ್ಮೆ ನೋಡಿದರು. ಹೌದಾ ಎಂದು, ಚೀಲವನ್ನು ಸ್ವಲ್ಪ ಈಚೆಗೆ ಎಳೆದುಕೊಂಡರು.